ಹೊಲದಲ್ಲಾಗುವ ಇರಿತದ ಗಾಯಗಳು: ಕ್ಷ-ಕಿರಣ, ಸ್ಕ್ಯಾನಿಂಗ್ ಎಷ್ಟು ತಿಳಿಸಬಲ್ಲವು?

ಮಂಡಿಕಲ್ ಹೋಬಳಿಯ ಯಾವುದೇ ಊರಿನ ಹೊಲ ತೋಟಗಳನ್ನು ಒಂದು ಸುತ್ತು ಹಾಕಿ ಬಂದರೆ ಮೊನೆಯುಳ್ಳ ವಸ್ತುಗಳಿಗೆ ಅಲ್ಲಿ ಬರವಿಲ್ಲವೆಂಬುದು ಮನದಟ್ಟಾಗುತ್ತದೆ. ಟೊಮೆಟೊ ಸಾಲುಗಳಲ್ಲಿ ನಿಲ್ಲಿಸಿದ ನೀಲಗಿರಿ ಕೋಲುಗಳು, ಕಟಾವಿನ ನಂತರ ಓರೆಯಾಗಿ ಉಳಿದ ಹಿಪ್ಪುನೇರಳೆಯ ಬುಡಗಳು, ತೊಗರಿ ಮತ್ತು ಮುಸುಕಿನ ಜೋಳದ ಕೂಳೆ, ದ್ರಾಕ್ಷಿ ಚಪ್ಪರದ ತಂತಿಯ ತುದಿಗಳು, ಬದುವಿನ ಮೇಲೆ ಜಾಲಿ, ಹಳ್ಳದ ಬದಿಯಲ್ಲಿ ಈಚಲು, ಕೊಟ್ಟಿಗೆಯಲ್ಲಿ ಹಳ್ಳಿಕಾರ್ ಎತ್ತಿನ ಕೊಂಬು. ಇವುಗಳ ನಡುವೆಯೇ ದಿನವಿಡೀ ಬಾಗಿ, ಎದ್ದು, ಹೊರೆ ಹೊತ್ತು ನಡೆಯುವ ರೈತನಿಗೂ ರೈತ ಮಹಿಳೆಗೂ ಒಮ್ಮೆಯಾದರೂ ಏನಾದರೊಂದು ಚುಚ್ಚದೆ ಇರುವುದಿಲ್ಲ.

ಬೇಸಾಯಶಾಸ್ತ್ರದವರಿಗೆ ಆಸ್ಪತ್ರೆಯ ವಿಷಯವೇಕೆ ಎಂದು ಕೆಲವರು ಕೇಳಬಹುದು. ಟೊಮೆಟೊಗೆ ಕೋಲು ಕೊಟ್ಟು ಕಟ್ಟಿದರೆ ಹಣ್ಣು ನೆಲಕ್ಕೆ ತಾಗದೆ ಇಳುವರಿಯೂ ಗುಣಮಟ್ಟವೂ ಹೆಚ್ಚುತ್ತವೆಂದು ಊರೂರಿಗೆ ಬಂದು ಹೇಳಿದವರು ನಾವೇ. ಆ ಕೋಲಿನ ಮೇಲೆ ಯಾರಾದರೂ ಬಿದ್ದರೆ ಮುಂದೇನು ಎಂಬುದನ್ನೂ ತಿಳಿಸುವುದು ನಮ್ಮ ಕೆಲಸದ ಹೊರಗಿನ ಮಾತೇನಲ್ಲ. ಚಿಕಿತ್ಸೆಯನ್ನು ವೈದ್ಯರೇ ಹೇಳಬೇಕು. ಆದರೆ ಗಾಯಾಳುವನ್ನು ಆಸ್ಪತ್ರೆಗೆ ಕರೆದೊಯ್ಯುವವರು, ಫೋಟೊ ತೆಗೆಸುವವರು, ‘ಎಕ್ಸ್-ರೇಯಲ್ಲಿ ಏನೂ ಇಲ್ಲ’ ಎಂಬ ಮಾತು ಕೇಳಿ ಸಮಾಧಾನದಿಂದ ಮನೆಗೆ ಹಿಂತಿರುಗುವವರು ರೈತ ಕುಟುಂಬದವರು. ಆದ್ದರಿಂದ ಈ ಪರೀಕ್ಷೆಗಳು ಏನನ್ನು ಕಾಣಬಲ್ಲವು, ಏನನ್ನು ಕಾಣಲಾರವು ಎಂಬ ತಿಳಿವಳಿಕೆ ಅವರಿಗೆ ಇರುವುದು ಅಗತ್ಯ.

ಇರಿತದ ಗಾಯಕ್ಕೂ ಕೊಯ್ದ ಗಾಯಕ್ಕೂ ಬಹಳ ಅಂತರವಿದೆ. ಕುಡುಗೋಲು ತಾಗಿದ ಗಾಯ ಉದ್ದವಾಗಿದ್ದು ರಕ್ತ ಧಾರಾಳವಾಗಿ ಹರಿದರೂ ಅದರ ತಳ ಸಾಮಾನ್ಯವಾಗಿ ಕಣ್ಣಿಗೆ ಕಾಣುತ್ತದೆ. ಇರಿತದ ಗಾಯ ಹಾಗಲ್ಲ. ನಮ್ಮ ಜಿಲ್ಲೆಯ ಕೊಳವೆ ಬಾವಿಯನ್ನೇ ನೋಡಿ: ಬಾಯಿ ಆರೂವರೆ ಅಂಗುಲ, ಆಳ ಸಾವಿರ ಅಡಿಗೂ ಮೀರಿ. ಮೇಲಿನಿಂದ ಇಣುಕಿದವನಿಗೆ ಒಳಗಿನ ವಿಚಾರ ಏನೂ ತಿಳಿಯದು. ಬೆರಳಿನಷ್ಟು ಅಗಲದ ಗಾಯದ ಹಿಂದೆ ಕರುಳು ತೂತಾಗಿರಬಹುದು, ರಕ್ತನಾಳ ಹರಿದಿರಬಹುದು, ಕೋಲಿನ ಚೂರು ಮುರಿದು ಉಳಿದಿರಬಹುದು. ಹೊರಗೆ ನಾಲ್ಕು ಹನಿ ರಕ್ತವಷ್ಟೇ ಕಂಡ ಮನುಷ್ಯನ ಹೊಟ್ಟೆಯೊಳಗೆ ಒಂದೆರಡು ಲೀಟರ್ ರಕ್ತ ಸೋರಿರುವುದೂ ಉಂಟು. ವಯಸ್ಕನ ದೇಹದಲ್ಲಿರುವ ಒಟ್ಟು ರಕ್ತ ಸುಮಾರು 5 ಲೀಟರ್ ಎಂಬುದನ್ನು ಇಲ್ಲಿ ನೆನೆಯಬೇಕು.

ಕ್ಷ-ಕಿರಣ ಕಾಣುವುದು ಮತ್ತು ಕಾಣದಿರುವುದು

ಜರ್ಮನಿಯ ವ್ಯುರ್ಟ್ಸ್‌ಬರ್ಗ್ ನಗರದಲ್ಲಿ ವಿಲ್‌ಹೆಲ್ಮ್ ರಾಂಟ್‌ಜನ್ ಎಂಬ ಭೌತವಿಜ್ಞಾನಿ 1895ರ ನವೆಂಬರ್ 8ರಂದು ಈ ಕಿರಣಗಳನ್ನು ಕಂಡುಹಿಡಿದರು. ಸುಮಾರು ಎರಡು ತಿಂಗಳಲ್ಲೇ, 1896ರ ಜನವರಿಯಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ಹಾಲ್-ಎಡ್ವರ್ಡ್ಸ್ ಎಂಬ ವೈದ್ಯರು ಒಬ್ಬರ ಕೈಯಲ್ಲಿ ಹೊಕ್ಕಿದ್ದ ಸೂಜಿಯನ್ನು ಇದರ ಸಹಾಯದಿಂದ ತೋರಿಸಿಕೊಟ್ಟರು. 1897-98ರಲ್ಲಿ ವಾಯವ್ಯ ಗಡಿಯ ತಿರಾಹ್ ಯುದ್ಧದಲ್ಲಿ ಸೈನ್ಯದ ವೈದ್ಯ ಬೀವರ್ ಎಂಬುವರು ಯಂತ್ರವನ್ನು ಬೆಟ್ಟಗಾಡಿಗೆ ಸಾಗಿಸಿ ಸೈನಿಕರ ಮೈಯಲ್ಲಿದ್ದ ಗುಂಡುಗಳನ್ನು ಪತ್ತೆ ಮಾಡಿದರು. ಹೀಗೆ ಈ ವಿದ್ಯೆ ಹುಟ್ಟಿದ ದಿನದಿಂದಲೂ ಇರಿತದ ಗಾಯಗಳ ಜೊತೆಗೇ ಬೆಳೆದು ಬಂದಿದೆ.

ಇದರ ತತ್ತ್ವ ಸರಳ. ಸಾಂದ್ರತೆ ಹೆಚ್ಚಿರುವ ವಸ್ತು ಕಿರಣಗಳನ್ನು ತಡೆಯುತ್ತದೆ, ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದೆ. ಗಾಳಿ ತಡೆಯುವುದಿಲ್ಲ, ಕಪ್ಪಗೆ ಕಾಣುತ್ತದೆ. ಮಾಂಸ, ರಕ್ತ, ನೀರು ಇವೆರಡರ ನಡುವೆ ಬೂದುಬಣ್ಣ. ಮೊಳೆ, ತಂತಿ, ಬಂದೂಕಿನ ಚರೆ, ಹಾರೆಯಿಂದ ಸಿಡಿದ ಕಬ್ಬಿಣದ ಚೂರು ಇವೆಲ್ಲ ಸ್ಪಷ್ಟವಾಗಿ ಬೆಳ್ಳಗೆ ಕಾಣುತ್ತವೆ. ಜಲ್ಲಿಕಲ್ಲಿನ ಚೂರೂ, ತೀರ ಸಣ್ಣದಲ್ಲದಿದ್ದರೆ ಗಾಜಿನ ಚೂರೂ ಕಾಣುತ್ತವೆ. ಗಾಜು ಕಾಣುವುದಿಲ್ಲವೆಂದು ಜನ ನಂಬಿರುವುದು ಸರಿಯಲ್ಲ.

ಕಾಣದಿರುವುದು ಮರ. ನಮ್ಮ ಹೊಲದಲ್ಲಿ ಚುಚ್ಚುವ ವಸ್ತುಗಳ ಪೈಕಿ ಹೆಚ್ಚಿನವು ನೀಲಗಿರಿ ಸಿಬಿರು, ಬಿದಿರಿನ ಸಿಗುರು, ಜಾಲಿ ಮುಳ್ಳು, ಈಚಲು ಮುಳ್ಳು, ಕೂಳೆ ಮುಂತಾದ ಸಸ್ಯಜನ್ಯ ವಸ್ತುಗಳೇ. ಇವುಗಳ ಸಾಂದ್ರತೆ ಮಾಂಸದ ಸಾಂದ್ರತೆಗೆ ಹತ್ತಿರವಾಗಿರುವುದರಿಂದ ಸಾಮಾನ್ಯ ಎಕ್ಸ್-ರೇಯಲ್ಲಿ ಬಹುಪಾಲು ಗೋಚರಿಸುವುದಿಲ್ಲ. ಹೀಗಾಗಿ ‘ಎಕ್ಸ್-ರೇ ನಾರ್ಮಲ್’ ಎಂದು ವರದಿ ಬಂದರೆ ಅದರ ಅರ್ಥ ಲೋಹವಿಲ್ಲ, ಮೂಳೆ ಮುರಿದಿಲ್ಲ ಎಂದಷ್ಟೇ. ಮುಳ್ಳಿಲ್ಲವೆಂದು ಅರ್ಥವಲ್ಲ.

ಈ ಒಂದು ತಪ್ಪು ತಿಳಿವಳಿಕೆಯಿಂದ ಆಗುವ ನಷ್ಟ ಸಣ್ಣದಲ್ಲ. ಮಂಡಿಯ ಬಳಿ ಈಚಲು ಮುಳ್ಳು ಚುಚ್ಚಿದೆ ಎನ್ನಿ. ಹೊರಗೆ ಕಂಡ ಭಾಗವನ್ನು ಕಿತ್ತೆಸೆದು ಅರಿಸಿನ ಹಚ್ಚಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಎರಡು ದಿನದಲ್ಲಿ ನೋವು ಇಳಿಯುತ್ತದೆ. ಮುರಿದ ತುದಿ ಕೀಲಿನೊಳಗೆ ಉಳಿದಿದ್ದರೆ ವಾರಗಳ ಅಥವಾ ತಿಂಗಳುಗಳ ಮೇಲೆ ಮಂಡಿ ಊದಿಕೊಳ್ಳುತ್ತದೆ. ಆ ಹೊತ್ತಿಗೆ ಮುಳ್ಳು ಚುಚ್ಚಿದ ವಿಚಾರವೇ ಮರೆತುಹೋಗಿರುತ್ತದೆ. ಸಂಧಿವಾತವೆಂದು ಮಾತ್ರೆ ನುಂಗುತ್ತಾ ಕೂರುತ್ತಾರೆ. ಚರ್ಮದ ಕೆಳಗೆ ಉಳಿದ ಸಿಬಿರಿನದು ಇನ್ನೊಂದು ಲಕ್ಷಣ: ಗಾಯ ಮಾಯುತ್ತದೆ, ಮತ್ತೆ ಒಡೆದು ಕೀವು ಸೋರುತ್ತದೆ, ಔಷಧಿ ಕೊಟ್ಟರೆ ಮಾಯುತ್ತದೆ, ನಿಲ್ಲಿಸಿದರೆ ಮತ್ತೆ ಒಡೆಯುತ್ತದೆ. ಇಂಥ ಗಾಯದಲ್ಲಿ ಏನೋ ಉಳಿದಿದೆ ಎಂದೇ ಮೊದಲು ಸಂಶಯಪಡಬೇಕು.

ಇದಕ್ಕೆ ತಕ್ಕ ಪರೀಕ್ಷೆ ಅಲ್ಟ್ರಾಸೌಂಡ್, ಅಂದರೆ ಶ್ರವಣಾತೀತ ಧ್ವನಿಯ ಸ್ಕ್ಯಾನಿಂಗ್. ಗರ್ಭಿಣಿಯರಿಗೆ ಮಾಡುವ ಪರೀಕ್ಷೆಯೆಂದೇ ಹಳ್ಳಿಗಳಲ್ಲಿ ಇದು ಪರಿಚಿತ. ಚರ್ಮಕ್ಕೆ ಸಮೀಪದಲ್ಲಿರುವ ಮುಳ್ಳು ಇದರಲ್ಲಿ ಹೊಳೆಯುವ ಗೆರೆಯಂತೆ ಕಾಣುತ್ತದೆ, ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ಮುಳ್ಳು ಎಷ್ಟು ಆಳದಲ್ಲಿದೆ, ಯಾವ ಕಡೆ ಮುಖ ಮಾಡಿದೆ, ಸ್ನಾಯುಬಂಧಕ್ಕೆ ಎಷ್ಟು ಹತ್ತಿರವಿದೆ ಎಂದು ಅಳೆದು ಚರ್ಮದ ಮೇಲೆ ಗುರುತು ಹಾಕಿಕೊಟ್ಟರೆ ಶಸ್ತ್ರವೈದ್ಯರು ಸಣ್ಣ ಸೀಳಿನಲ್ಲೇ ತೆಗೆಯಬಹುದು. ಆದರೆ ಹುಡುಕುವವರಿಗೆ ಏನು ಹುಡುಕಬೇಕೆಂದು ತಿಳಿದಿರಬೇಕು. ‘ಇಲ್ಲಿ ಈಚಲು ಮುಳ್ಳು ಚುಚ್ಚಿತ್ತು, ಇಷ್ಟು ದಿನವಾಯಿತು’ ಎಂದು ರೋಗಿ ಹೇಳುವ ಒಂದು ಮಾತು ಯಂತ್ರದ ಅರ್ಧ ಕೆಲಸವನ್ನು ಮಾಡುತ್ತದೆ.

ಕೊಂಬಿನ ತಿವಿತ

ಹಳ್ಳಿಕಾರ್ ತಳಿಯ ಕೊಂಬು ಉದ್ದ, ತುದಿ ಚೂಪು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಆ ಕೊಂಬಿನ ಚೆಲುವಿಗೆ ಬೆಲೆ ಕಟ್ಟುವವರು ಅದರ ಅಪಾಯವನ್ನೂ ಬಲ್ಲರು. ಹಾವೇರಿ, ಶಿವಮೊಗ್ಗ ಕಡೆಯ ಹೋರಿ ಬೆದರಿಸುವ ಸ್ಪರ್ಧೆಗಳಲ್ಲಿ ಪ್ರಾಣಹಾನಿಯಾದಾಗ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಕೊಟ್ಟಿಗೆಯಲ್ಲಿ ಮೇವು ಹಾಕುವಾಗ ಆದ ತಿವಿತ ಸುದ್ದಿಯಾಗುವುದಿಲ್ಲ.

ಕೊಂಬಿನ ಗಾಯ ಚಾಕುವಿನ ಗಾಯದಂತಲ್ಲ. ಪ್ರಾಣಿ ತಿವಿದ ಮೇಲೆ ತಲೆ ಎತ್ತಿ ಒದರುತ್ತದೆ, ಕೆಲವೊಮ್ಮೆ ಮನುಷ್ಯನನ್ನು ಮೇಲೆತ್ತಿ ಎಸೆಯುತ್ತದೆ. ಹೀಗಾಗಿ ಒಂದೇ ತೂತಿನೊಳಗೆ ಎರಡು ಮೂರು ದಿಕ್ಕಿಗೆ ಹಾದಿ ಬಿದ್ದಿರುತ್ತದೆ. ಜೊತೆಗೆ ಬಿದ್ದ ಪೆಟ್ಟು ಬೇರೆ. ಹೆಚ್ಚಾಗಿ ತಿವಿತವಾಗುವುದು ತೊಡೆಸಂದು, ಹೊಟ್ಟೆ, ಗುದದ್ವಾರದ ಸುತ್ತಮುತ್ತ. ಸಂಕೋಚದಿಂದ ಜಾಗ ಹೇಳದೆ ಮುಚ್ಚಿಡುವ ಹೆಂಗಸರೂ ಗಂಡಸರೂ ಇದ್ದಾರೆ. ಈ ಸಂಕೋಚ ಅಪಾಯಕಾರಿ, ಏಕೆಂದರೆ ಆ ಭಾಗದಿಂದ ಹೊಕ್ಕ ಕೊಂಬು ಮೂತ್ರಕೋಶ, ದೊಡ್ಡಕರುಳುಗಳಿಗೆ ನೇರವಾಗಿ ತಲಪಬಲ್ಲದು.

ಎದೆಯ ಕೆಳಭಾಗಕ್ಕೆ ಆದ ಇರಿತದಲ್ಲೂ ಒಂದು ಮೋಸವಿದೆ. ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆ ಎಂಬ ಮಾಂಸದ ಪರದೆ ಉಸಿರು ಬಿಟ್ಟಾಗ ಸುಮಾರು ಮೊಲೆತೊಟ್ಟಿನ ಮಟ್ಟದವರೆಗೆ ಮೇಲೇರುತ್ತದೆ. ಅದಕ್ಕಿಂತ ಕೆಳಗೆ ಪಕ್ಕೆಗೆ ಕೋಲು ಚುಚ್ಚಿದರೆ ಅದು ಎದೆಯ ಗಾಯವೂ ಹೌದು, ಹೊಟ್ಟೆಯ ಗಾಯವೂ ಆಗಿರಬಹುದು.

ಇಂಥ ಗಾಯಾಳು ಆಸ್ಪತ್ರೆಗೆ ಬಂದಾಗ ವೈದ್ಯರು ಮೊದಲು ನಾಡಿ, ರಕ್ತದೊತ್ತಡ, ಉಸಿರಾಟಗಳನ್ನು ನೋಡುತ್ತಾರೆ. ನಂತರ ಎದೆಯ ಎಕ್ಸ್-ರೇ. ಶ್ವಾಸಕೋಶ ತೂತಾಗಿ ಎದೆಗೂಡಿನಲ್ಲಿ ಗಾಳಿ ತುಂಬಿದ್ದರೆ, ರಕ್ತ ನಿಂತಿದ್ದರೆ, ಇದರಲ್ಲಿ ತಿಳಿಯುತ್ತದೆ. ಕುಳ್ಳಿರಿಸಿ ತೆಗೆದ ಫಿಲ್ಮಿನಲ್ಲಿ ಕಾಣಬೇಕಾದರೆ ಸುಮಾರು 200 ಮಿ.ಲೀ. ರಕ್ತವಾದರೂ ಇರಬೇಕು. ಮಲಗಿಸಿ ತೆಗೆದರೆ ರಕ್ತ ಹರಡಿಕೊಂಡು ಅದಕ್ಕಿಂತ ಹೆಚ್ಚಿದ್ದರೂ ಕಣ್ತಪ್ಪಬಹುದು. ಕುಳಿತ ಭಂಗಿಯ ಫಿಲ್ಮಿನಲ್ಲಿ ವಪೆಯ ಕೆಳಗೆ ಬಿದಿಗೆ ಚಂದ್ರನಂತಹ ಕಪ್ಪು ಗೆರೆ ಕಂಡರೆ ಗಾಳಿ ಹೊಟ್ಟೆಯೊಳಗೆ ಬಂದಿದೆಯೆಂದು ಅರ್ಥ. ಕರುಳು ತೂತಾದಾಗ ಕಾಣಬಹುದಾದ ಗುರುತು ಅದು. ಹೊಟ್ಟೆಯ ಗೋಡೆ ತೆರೆದ ಗಾಯದಲ್ಲಿ ಹೊರಗಿನ ಗಾಳಿಯೂ ಒಳಸೇರಿರಬಹುದಾದ್ದರಿಂದ ಇದನ್ನು ಅರ್ಥೈಸುವುದು ವೈದ್ಯರಿಗೇ ಬಿಟ್ಟ ವಿಷಯ. ತೂತಿನ ಬಳಿ ಸಿಬ್ಬಂದಿ ಕಾಗದದ ಕ್ಲಿಪ್ಪಿನಂಥ ಲೋಹದ ಗುರುತೊಂದನ್ನು ಅಂಟಿಸುವುದನ್ನು ಕಂಡು ಕೆಲವರು ಗಾಬರಿಯಾಗುವುದುಂಟು. ಗಾಯದ ಬಾಯಿ ಫಿಲ್ಮಿನಲ್ಲಿ ತಿಳಿಯಲೆಂದು ಮಾಡುವ ಉಪಾಯ ಅದು.

ಇದರ ಜೊತೆಗೆ ಹಾಸಿಗೆಯ ಪಕ್ಕದಲ್ಲೇ ಅಲ್ಟ್ರಾಸೌಂಡ್ ಮಾಡುತ್ತಾರೆ. ಹೃದಯದ ಸುತ್ತ, ಯಕೃತ್ತಿನ ಬದಿ, ಗುಲ್ಮದ ಬದಿ, ಮೂತ್ರಕೋಶದ ಹಿಂಬದಿ ಎಂದು ನಾಲ್ಕು ಕಡೆ ನೋಡಿ ರಕ್ತ ಸೇರಿದೆಯೇ ಎಂದು ಕೆಲವೇ ನಿಮಿಷಗಳಲ್ಲಿ ಹೇಳುತ್ತಾರೆ. ಎದೆಯ ಎರಡು ಪಕ್ಕಗಳನ್ನೂ ಈಗ ಸೇರಿಸಿಕೊಂಡಿದ್ದಾರೆ. ರಕ್ತ ಕಂಡರೆ ಈ ಪರೀಕ್ಷೆಯನ್ನು ನಂಬಬಹುದು. ಕಾಣದಿದ್ದರೆ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಕರುಳಿನ ಸಣ್ಣ ತೂತು ಆರಂಭದಲ್ಲಿ ಹೆಚ್ಚು ರಕ್ತ ಸುರಿಸುವುದಿಲ್ಲ. ಅದರಿಂದ ಸೋರಿದ ಕಲ್ಮಶ ಮರುದಿನದ ಹೊತ್ತಿಗೆ ಹೊಟ್ಟೆಯನ್ನೆಲ್ಲ ಕೊಳೆಸುತ್ತದೆ. ‘ಸ್ಕ್ಯಾನ್ ನಾರ್ಮಲ್ ಇದ್ದರೂ ಒಂದು ದಿನ ಇಲ್ಲೇ ಇರಿ’ ಎಂದು ವೈದ್ಯರು ಹೇಳಿದರೆ ಅದನ್ನು ಹಣ ಕೀಳುವ ತಂತ್ರವೆಂದು ತಿಳಿದು ಬಲವಂತವಾಗಿ ಬಿಡಿಸಿಕೊಂಡು ಬರಬಾರದು. ಹಾಲು ಕರೆಯುವ ಹೊತ್ತಾಯಿತೆಂದು ಎದ್ದು ಬರುವವರೂ ಇದ್ದಾರೆ. ಆ ಒಂದು ದಿನ ಹಾಲು ಕರೆಯುವ ಕೆಲಸವನ್ನು ನೆರೆಯವರಿಗೆ ಒಪ್ಪಿಸಬೇಕು.

ಒಕ್ಕಣೆ ಯಂತ್ರ ನೋಡುತ್ತಾ ಬೆಳೆದ ಹುಡುಗ

ಗಾಯದ ಹಾದಿಯನ್ನು ಆದಷ್ಟು ಪೂರ್ಣವಾಗಿ ತೋರಿಸುವುದು ಸಿ.ಟಿ. ಸ್ಕ್ಯಾನ್. ಇದನ್ನು ಕಂಡುಹಿಡಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೈತನ ಮಗನೆಂಬುದು ನಮ್ಮ ಓದುಗರಿಗೆ ಸಂತೋಷದ ವಿಚಾರ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್ ಪ್ರಾಂತದ ಹೊಲಮನೆಯಲ್ಲಿ ಒಕ್ಕಣೆ ಯಂತ್ರ, ಕಟಾವು ಯಂತ್ರಗಳ ಕೆಲಸ ನೋಡುತ್ತಾ, ಬಿಚ್ಚಿ ಜೋಡಿಸುತ್ತಾ ಬೆಳೆದವರು ಅವರು. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ತಲೆಯನ್ನು ಅವರ ಯಂತ್ರ ಪರೀಕ್ಷಿಸಿತು. 1979ರಲ್ಲಿ ಅಲನ್ ಕಾರ್ಮ್ಯಾಕ್ ಅವರೊಡನೆ ನೊಬೆಲ್ ಪ್ರಶಸ್ತಿ ಬಂತು. ಈಗ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಇದೇ ತಂತ್ರದಿಂದ ಮಣ್ಣನ್ನು ಅಗೆಯದೆಯೇ ಬೇರು ಹರಡುವ ಬಗೆಯನ್ನು ನೋಡುತ್ತಾರೆ. ಆ ಪ್ರಯೋಗಶಾಲೆಗೆ ಹೌನ್ಸ್‌ಫೀಲ್ಡ್ ಅವರ ಹೆಸರನ್ನೇ ಇಟ್ಟಿದ್ದಾರೆ. ನಮ್ಮಂಥವರಿಗೆ ಹೊಟ್ಟೆಕಿಚ್ಚು ತರಿಸುವ ಸೌಲಭ್ಯವದು.

ಸುತ್ತಲಿನಿಂದ ಕಿರಣ ಹಾಯಿಸಿ ದೇಹವನ್ನು ಮೂಲಂಗಿಯ ಬಿಲ್ಲೆಗಳಂತೆ ತೆಳುವಾಗಿ ಹೆಚ್ಚಿ ತೋರಿಸುವುದು ಇದರ ವಿಶೇಷ. ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ತೆಗೆದರೆ ಎಲ್ಲಿ ರಕ್ತ ಸೋರುತ್ತಿದೆಯೆಂಬುದೂ ತಿಳಿಯುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದರೆ, ಹಿಂದೆ ಆ ಔಷಧಿ ಒಗ್ಗದೆ ಹೋಗಿದ್ದರೆ ಮೊದಲೇ ತಿಳಿಸಬೇಕು. ಮರದ ಚೂರಿನ ವಿಷಯದಲ್ಲಿ ಸಿ.ಟಿ.ಯೂ ಎಚ್ಚರಿಕೆಯಿಂದ ಓದಬೇಕಾದ ಪರೀಕ್ಷೆ. ಒಣಗಿದ ಕೋಲಿನ ನಾಳಗಳಲ್ಲಿ ಗಾಳಿ ತುಂಬಿರುವುದರಿಂದ ಮೊದಲ ದಿನಗಳಲ್ಲಿ ಅದು ಗಾಳಿಯ ಗುಳ್ಳೆಯಂತೆ ಕಪ್ಪಗೆ ಕಾಣಬಹುದು. ದಿನ ಕಳೆದಂತೆ ದೇಹದ ದ್ರವವನ್ನು ಹೀರಿ ನೆಂದು ಸುತ್ತಲಿನ ಮಾಂಸದಂತೆಯೇ ಕಾಣತೊಡಗುತ್ತದೆ. ಚುಚ್ಚಿದ್ದು ಹಸಿ ಕಡ್ಡಿಯೋ ಒಣ ಕೋಲೋ ಎಂಬುದನ್ನು ಹೇಳುವುದರಿಂದ ವರದಿ ಬರೆಯುವ ತಜ್ಞರಿಗೆ ಸಹಾಯವಾಗುತ್ತದೆ.

ಇಲ್ಲಿ ಒತ್ತಿ ಹೇಳಬೇಕಾದ ಮಾತೊಂದಿದೆ. ರಕ್ತದೊತ್ತಡ ಕುಸಿಯುತ್ತಿರುವ, ಮೈ ತಣ್ಣಗಾಗಿ ಬೆವರುತ್ತಿರುವ ಗಾಯಾಳುವಿಗೆ ಸಿ.ಟಿ. ಯಂತ್ರ ತಕ್ಕ ಜಾಗವಲ್ಲ. ಅಂಥವರನ್ನು ನೇರವಾಗಿ ಶಸ್ತ್ರಚಿಕಿತ್ಸೆಗೆ ಒಯ್ಯುತ್ತಾರೆ. ‘ಸ್ಕ್ಯಾನ್ ಮಾಡದೆ ಕೊಯ್ಯುತ್ತಿದ್ದಾರೆ’ ಎಂದು ಬಂಧುಗಳು ತಕರಾರು ತೆಗೆದು ಕಳೆಯುವ ಅರ್ಧ ಗಂಟೆಯಲ್ಲಿ ಜೀವ ಹೋಗಬಹುದು. ತೊಡೆಸಂದಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದರೆ, ಪಾದ ತಣ್ಣಗಾಗಿ ನಾಡಿ ಸಿಗದಿದ್ದರೆ ಅಲ್ಲಿಯೂ ಇದೇ ನಿಯಮ. ಫಿಲ್ಮಿಗಾಗಿ ಕಾಯುವ ಸಮಯ ಅದಲ್ಲ.

ವಿಕಿರಣದ ಭಯ ಅನೇಕರಿಗಿದೆ. ಎದೆಯ ಒಂದು ಎಕ್ಸ್-ರೇಯಿಂದ ಬರುವ ಪ್ರಮಾಣ 0.1 ಮಿಲಿಸೀವರ್ಟ್‌ಗಿಂತ ಹೆಚ್ಚಿಲ್ಲ. ಹೊಟ್ಟೆಯ ಸಿ.ಟಿ. ಸುಮಾರು 8ರಿಂದ 10. ನೆಲ, ಬಂಡೆ, ಆಕಾಶಗಳಿಂದ ಪ್ರಪಂಚದ ಸರಾಸರಿ ಮನುಷ್ಯನಿಗೆ ವರ್ಷಕ್ಕೆ ತಾನಾಗಿಯೇ ಬರುವುದು ಸುಮಾರು 2.4. ಅನಾವಶ್ಯಕವಾಗಿ ಸಿ.ಟಿ. ಮಾಡಿಸಬಾರದು, ಆದರೆ ಇರಿತದ ಗಾಯಕ್ಕೆ ವೈದ್ಯರು ಬೇಕೆಂದಾಗ ಭಯಪಟ್ಟು ಬೇಡವೆನ್ನುವುದು ವಿವೇಕವಲ್ಲ. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಬೇಕು.

ಕಬ್ಬಿಣದ ಮೇಲೆ ಕಬ್ಬಿಣ ಬಡಿಯುವಾಗ, ಕಲ್ಲು ಸೀಳುವಾಗ, ಕಳೆ ಕೊಚ್ಚುವ ಯಂತ್ರದ ಅಲಗು ಕಲ್ಲಿಗೆ ತಾಗಿದಾಗ ಸಿಡಿಯುವ ಚೂರು ಕಣ್ಣನ್ನು ಹೊಕ್ಕರೆ ಬಹಳ ಸಲ ನೋವೇ ಆಗುವುದಿಲ್ಲ, ಮಸುಕಷ್ಟೇ. ಇಲ್ಲಿ ಎಕ್ಸ್-ರೇ ಅಥವಾ ಸಿ.ಟಿ. ಅಗತ್ಯ. ಕಣ್ಣಿನಲ್ಲಿ ಕಬ್ಬಿಣವಿರುವ ಸಂಶಯವಿದ್ದರೆ ಎಂ.ಆರ್.ಐ. ಮಾಡಿಸಕೂಡದು. ಅದರ ಪ್ರಬಲ ಅಯಸ್ಕಾಂತ ಚೂರನ್ನು ಎಳೆದಾಡಿ ಕಣ್ಣನ್ನೇ ಹಾಳುಮಾಡಬಲ್ಲದು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಇಂಥ ಗಾಯಗಳಿಗೆ ಹೋಗಬಹುದಾದ ಸರ್ಕಾರಿ ಸಂಸ್ಥೆ. ಕಲ್ಲಿನ ಕೆಲಸ ಹೆಚ್ಚಿರುವ ಈ ಹೋಬಳಿಯಲ್ಲಿ ಸಿಡಿಮದ್ದಿನ ಅಪಾಯವನ್ನು ವಿವರಿಸಬೇಕಾಗಿಲ್ಲ. ಪೇರೇಸಂದ್ರದ ಬಳಿಯ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯಲ್ಲಿ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಸತ್ತದ್ದು ಇನ್ನೂ ಮರೆಯುವಂಥದ್ದಲ್ಲ.

ಆಸ್ಪತ್ರೆ ತಲಪುವ ಮೊದಲು

ಮೈಯೊಳಗೆ ನಾಟಿರುವ ಕೋಲು, ಸಲಾಕೆ, ಕುಡುಗೋಲುಗಳನ್ನು ಸ್ಥಳದಲ್ಲಿ ಕೀಳಬಾರದು. ಹರಿದ ರಕ್ತನಾಳಕ್ಕೆ ಅದೇ ಬಿರಡೆಯಂತೆ ನಿಂತಿರಬಹುದು. ಕಿತ್ತೊಡನೆ ರಕ್ತ ನುಗ್ಗುತ್ತದೆ, ಗಾಯದ ಹಾದಿಯ ಗುರುತೂ ಹೋಗುತ್ತದೆ. ಅಲುಗಾಡದಂತೆ ಎರಡೂ ಬದಿಗೆ ಬಟ್ಟೆಯ ಸಿಂಬಿ ಇಟ್ಟು ಕಟ್ಟಬೇಕು. ನೆಲಕ್ಕೆ ಹುಗಿದ ಕೋಲಿನ ಮೇಲೆ ಬಿದ್ದಿದ್ದರೆ ಗಾಯಾಳುವನ್ನು ಕೋಲಿನಿಂದ ಎತ್ತದೆ, ಕೋಲನ್ನು ಅಲುಗಿಸದಂತೆ ಕೆಳಗಡೆ ಗರಗಸದಿಂದ ಕೊಯ್ದು ಅದರೊಡನೆಯೇ ಸಾಗಿಸಬೇಕು. ಹೊರಬಂದ ಕರುಳನ್ನು ಒಳಗೆ ತುರುಕದೆ ಶುದ್ಧ ಒದ್ದೆ ಬಟ್ಟೆ ಮುಚ್ಚಬೇಕು. ಕಾಫಿಪುಡಿ, ಸುಣ್ಣ, ಹೊಗೆಸೊಪ್ಪು ತುಂಬಬಾರದು. ಶಸ್ತ್ರಚಿಕಿತ್ಸೆ ಆಗಬೇಕಾಗಬಹುದಾದ್ದರಿಂದ ಕುಡಿಯಲೂ ತಿನ್ನಲೂ ಏನನ್ನೂ ಕೊಡಬಾರದು. ಗಾಯ ಎಷ್ಟೇ ಸಣ್ಣದಿರಲಿ ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ಕೇಳಬೇಕು.

ಮುರಿದು ಹೊರಗೆ ಬಿದ್ದ ತುಂಡಿದ್ದರೆ ಅದನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಯಾವ ಮರ, ಎಷ್ಟು ಉದ್ದವಿತ್ತು, ಎಷ್ಟು ಕಾಣೆಯಾಗಿದೆ ಎಂಬುದು ಫಿಲ್ಮು ಹೇಳದ ವಿಷಯ.

ರಾಜ್ಯದಲ್ಲಿ 108 ಆಂಬುಲೆನ್ಸ್ 2008ರಿಂದ ಇದೆ. ಹೋಬಳಿ ಮಟ್ಟದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ನಿಲ್ಲಿಸಿ, ಡ್ರಿಪ್ ಹಾಕಿ, ಮುಂದಕ್ಕೆ ಕಳಿಸುವ ಕೆಲಸವಾಗುತ್ತದೆ. ಸಿ.ಟಿ.ಯೂ ಹೊಟ್ಟೆ ಎದೆಗಳ ಶಸ್ತ್ರಚಿಕಿತ್ಸೆಯೂ ಸಾಮಾನ್ಯವಾಗಿ ಜಿಲ್ಲಾ ಕೇಂದ್ರದ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೇ ಸಾಧ್ಯ. ಚಿಕ್ಕಬಳ್ಳಾಪುರ, ಕೋಲಾರದ ಟಮಕ, ಇಲ್ಲವೇ ಚಿಕ್ಕಬಳ್ಳಾಪುರದಿಂದ ಸುಮಾರು 60 ಕಿ.ಮೀ. ದೂರದ ಬೆಂಗಳೂರು. ಎದೆ, ಹೊಟ್ಟೆ, ಕುತ್ತಿಗೆ, ತೊಡೆಸಂದುಗಳ ಇರಿತಕ್ಕೆ ಬರಿ ಫೋಟೊ ತೆಗೆಯುವ ಅಂಗಡಿ ಹುಡುಕಿಕೊಂಡು ಪೇಟೆಯಲ್ಲಿ ಅಲೆಯುವುದು ಬೇಡ. ಫಿಲ್ಮು ಮತ್ತು ಶಸ್ತ್ರವೈದ್ಯರು ಒಂದೇ ಸೂರಿನಡಿ ಇರುವ ಕಡೆಗೆ ನೇರವಾಗಿ ಹೋಗಬೇಕು.

ಹಸುವಿನ ಹೊಟ್ಟೆಯ ತಂತಿ

ಇರಿತದ ಗಾಯ ಒಳಗಿನಿಂದಲೂ ಆಗಬಹುದೆಂಬುದಕ್ಕೆ ನಮ್ಮ ಹಸುಗಳೇ ಸಾಕ್ಷಿ. ಹಸು ಮೇವನ್ನು ಅಗಿದು ಆರಿಸುವುದಿಲ್ಲ, ಸಿಕ್ಕಿದ್ದನ್ನು ನುಂಗುತ್ತದೆ. ಮೇವಿನೊಡನೆ ಹೋದ ತಂತಿ, ಮೊಳೆಗಳು ಹೊಟ್ಟೆಯ ಎರಡನೆಯ ಕೋಣೆಯಲ್ಲಿ ನಿಲ್ಲುತ್ತವೆ. ಅದರ ಮುಂದೆ ವಪೆ, ವಪೆಯ ಆಚೆ ಕೆಲವೇ ಅಂಗುಲದಲ್ಲಿ ಹೃದಯ. ಕೋಣೆ ಹಿಂಡಿದಾಗಲೆಲ್ಲ ತಂತಿ ಮುಂದಕ್ಕೆ ನಾಟುತ್ತದೆ. ಒಮ್ಮೆಲೇ ಹಾಲು ಇಳಿಯುವುದು, ಬೆನ್ನು ಗೂನು ಮಾಡಿ ಮೊಣಕೈ ಹೊರಚಾಚಿ ನಿಲ್ಲುವುದು, ಇಳಿಜಾರಿನಲ್ಲಿ ನಡೆಯಲೊಲ್ಲದೆ ನರಳುವುದು ಮೊದಲ ಚಿಹ್ನೆಗಳು. ಗಂಗೆದೊಗಲು ಊದಿ ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬಿದರೆ ತಂತಿ ಹೃದಯದ ಚೀಲವನ್ನು ಮುಟ್ಟಿದೆಯೆಂದು ತಿಳಿಯಬಹುದು. ಆಗ ಉಳಿಯುವ ಆಸೆ ಕಡಿಮೆ.

ತಂತಿ ಲೋಹವಾದ್ದರಿಂದ ಎಕ್ಸ್-ರೇಯಲ್ಲಿ ಚೆನ್ನಾಗಿ ಕಾಣುತ್ತದೆ. ಹಸುವಿನ ಮೈ ದಪ್ಪವಾದ್ದರಿಂದ ಹೆಚ್ಚು ಶಕ್ತಿಯ ಯಂತ್ರ ಬೇಕು, ಅದು ಎಲ್ಲ ಪಶು ಚಿಕಿತ್ಸಾಲಯಗಳಲ್ಲಿ ಇರುವುದಿಲ್ಲ. ಹೃದಯದ ಚೀಲದಲ್ಲಿ ಕೀವು ತುಂಬಿದೆಯೇ ಎಂದು ಅಲ್ಟ್ರಾಸೌಂಡ್ ತೋರಿಸುತ್ತದೆ. ಮೊದಲ ಹಂತದಲ್ಲೇ ತಿಳಿದರೆ ಹೊಟ್ಟೆ ತೆರೆದು ತಂತಿ ತೆಗೆಯಬಹುದು. ಕಡಸಿಗೆ ಒಂದು ವರ್ಷದ ಪ್ರಾಯದಲ್ಲಿ ಪಶುವೈದ್ಯರು ಬಾಯಿಯ ಮೂಲಕ ಹಾಕುವ ಸಣ್ಣ ಅಯಸ್ಕಾಂತ ಆ ಕೋಣೆಯಲ್ಲೇ ಉಳಿದು ಮುಂದೆ ನುಂಗಿದ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ದ್ರಾಕ್ಷಿ ಚಪ್ಪರ ರಿಪೇರಿಯಾದ ದಿನ ಕತ್ತರಿಸಿದ ತಂತಿಯ ತುಂಡುಗಳನ್ನು ಎಣಿಸಿ ಡಬ್ಬದಲ್ಲಿ ಹಾಕಿ, ಮೇವಿನ ಬಣವೆಯಿಂದ ದೂರವಿಡಿ. ಟೊಮೆಟೊ ಮುಗಿದ ಮೇಲೆ ಕೋಲುಗಳನ್ನು ಕಿತ್ತು ಅಡ್ಡಲಾಗಿ ಜೋಡಿಸಿ. ಹಿಪ್ಪುನೇರಳೆ ಸವರುವಾಗ ಕತ್ತಿಯ ಏಟು ಓರೆಯಾಗದಂತೆ ನೋಡಿಕೊಳ್ಳಿ.